ಐವತ್ತೆಂಟು ಪೌಂಡಿನ ಬಿಗಿ

ಹೋದ ಫೆಬ್ರವರಿಯಲ್ಲಿ ಮಗಳ ಮನೆಗೆಂದು ಬಹರೈನಿಗೆ ಹೋಗಿದ್ದೆವು. ಅರಾದಿನಲ್ಲಿ ಅವಳ ಫ್ಲ್ಯಾಟು. ವಿಮಾನಗಳು ತಾರಸಿಯ ಮೇಲೆಯೇ ಇಳಿಯುತ್ತಿವೆಯೋ ಎನ್ನುವಷ್ಟು ಸದ್ದು. ಮೊಮ್ಮಗಳು ಶಾಲೆಯಲ್ಲಿ ಹೊಸದಾಗಿ ಟೆನಿಸ್ ಸೇರಿದ್ದಳು. ಒಂದು ಸಂಜೆ ಅವಳು ಚೆಂಡಿನ ಡಬ್ಬಿಯ ಮುಚ್ಚಳ ಎಳೆದಾಗ ಉಸ್ಸೆಂದು ಗಾಳಿ ಹೊರಬಂತು. “ಅಜ್ಜಾ, ಸ್ಮೆಲ್ ಇಟ್!” ಎಂದು ಡಬ್ಬಿಯನ್ನು ನನ್ನ ಮೂಗಿಗೇ ಹಿಡಿದಳು. ಹೊಸ ರಬ್ಬರಿನ ವಾಸನೆ, ಅದರೊಳಗೆ ಸೀಮೆಎಣ್ಣೆಯಂಥ ಇನ್ನೇನೋ ಒಂದು. ನನ್ನ ಮುಖ ತಾನಾಗಿ ಆಚೆ ತಿರುಗಿತು. ಮಗು ಪೆಚ್ಚಾಯಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುನಂದಾ ಕೇಳಿದಳು: “ಸುಮಿಯೆ ನೆನಪಾದ್ರಾ?”

ಹೌದು ಎಂದು ತಲೆಯಾಡಿಸಿದೆ. ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ಎಣಿಸಲು ಕೈಬೆರಳು ಸಾಕು.

ನಾನು ಕಾಪುವಿನವನು. ನಮ್ಮ ಕಡೆಯಿಂದ ಮುಂಬಯಿಗೆ ಹೋದವರು ಹೆಚ್ಚಾಗಿ ಹೊಟೇಲು ಸೇರುತ್ತಿದ್ದರು. ನಾನು ಒಂದು ಟೆನಿಸ್ ಕ್ಲಬ್ಬಿನಲ್ಲಿ ಮಾರ್ಕರ್ ಆದೆ. ಮಾರ್ಕರ್ ಎಂದರೆ ಜೊತೆಗಾರ ಸಿಗದ ಸದಸ್ಯರ ಎದುರು ನಿಂತು ಆಡುವ ನೌಕರ. ಚೆನ್ನಾಗಿ ಆಡಲು ಬರಬೇಕು, ಅದಕ್ಕಿಂತ ಚೆನ್ನಾಗಿ ಸೋಲಲು ಬರಬೇಕು. ಗೆರೆಯಿಂದ ನಾಲ್ಕು ಬೆರಳು ಆಚೆ ಬಿದ್ದದ್ದನ್ನು “ಒಳಗೆ ಸಾಬ್” ಎನ್ನಲು ನಾಲಿಗೆ ತಡವರಿಸಬಾರದು. ರ‍್ಯಾಕೆಟ್ಟಿಗೆ ಗಟ್, ಅಂದರೆ ಜಾಲರಿಯ ಎಳೆ, ಹಾಕುವುದನ್ನೂ ಅಲ್ಲಿಯೇ ಕಲಿತೆ. ಆ ಕೆಲಸದ ಬಲದಿಂದಲೇ ಬಹರೈನಿಗೆ ಬಂದೆ. ಮನಾಮಾದಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿದ್ದ ಮಂಗಳೂರಿನ ಪೈಗಳು ಗಟ್ ಹಾಕುವ ಯಂತ್ರವೊಂದನ್ನು ತರಿಸಿಕೊಂಡು, ನಡೆಸುವವರಿಲ್ಲದೆ ಅದಕ್ಕೆ ಬಟ್ಟೆ ಹೊದಿಸಿಟ್ಟಿದ್ದರು. ಎರಡು ವರ್ಷದ ಮೇಲೆ ಸುನಂದಾಳಿಗೂ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತು. ಮಗಳನ್ನು ಕರೆದುಕೊಂಡು ಬಂದಳು. ಮನಾಮಾದ ಹಳೆಯ ಗಲ್ಲಿಯಲ್ಲಿ ಎರಡು ಕೋಣೆಯ ಮನೆ ಹಿಡಿದೆವು.

ಸುಮಿಯೆ ಅಂಗಡಿಗೆ ಬಂದದ್ದು ತೊಂಬತ್ತರ ದಶಕದ ನಡುವಿನ ಒಂದು ಅಕ್ಟೋಬರಿನಲ್ಲಿ. ಆಗಷ್ಟೇ ಬೇಸಗೆಯ ಬಿಸಿ ಇಳಿದು, ಜನ ಸಂಜೆ ಹೊರಗೆ ಕಾಲಿಡಲು ಶುರುಮಾಡಿದ್ದರು. ಉದ್ದನೆಯ ಚೀಲದಲ್ಲಿ ನಾಲ್ಕು ರ‍್ಯಾಕೆಟ್ ಹೊತ್ತು ಬಂದ ಅವಳು ಒಂದೊಂದನ್ನೇ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಇಪ್ಪತ್ತೆಂಟೋ ಮೂವತ್ತೋ ವಯಸ್ಸು. ಗಂಡಸರ ಹಾಗೆ ಕತ್ತರಿಸಿದ ಕೂದಲು, ಬಿಸಿಲಿಗೆ ಕಂದಿದ ಮುಖ. ನನ್ನ ಕಣ್ಣು ಮೊದಲು ಹೋದದ್ದು ಅವಳ ಕೈಗಳಿಗೆ. ಬಲಗೈ ಎಡಗೈಗಿಂತ ಎದ್ದು ಕಾಣುವಷ್ಟು ದಪ್ಪ. ಮಣಿಕಟ್ಟಿನಲ್ಲಿ ಎರಡು ಹೊಲಿಗೆಯ ಗುರುತು.

“ನಾಲ್ಕಕ್ಕೂ ಐವತ್ತೆಂಟು ಪೌಂಡ್” ಎಂದಳು. ಗಟ್ಟಿನ ಬಿಗಿಯನ್ನು ಅಳೆಯುವುದು ಪೌಂಡಿನಲ್ಲಿ. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅವಳದು ವಿಮಾನ ನಿಲ್ದಾಣಗಳಲ್ಲಿ ಕಲಿತದ್ದು, ನನ್ನದು ಕ್ಲಬ್ಬಿನಲ್ಲಿ. ಎರಡೂ ಸಣ್ಣ ಸಣ್ಣ ವಾಕ್ಯದ ಇಂಗ್ಲಿಷ್ ಆದ್ದರಿಂದ ತೊಂದರೆಯಾಗುತ್ತಿರಲಿಲ್ಲ.

ನಾಳೆ ಬನ್ನಿ ಎಂದರೆ ಅವಳು ಹೋಗಲಿಲ್ಲ. ಮೊದಲ ರ‍್ಯಾಕೆಟ್ ಮುಗಿಯುವ ತನಕ ನನ್ನ ಪಕ್ಕದಲ್ಲೇ ನಿಂತು ನೋಡಿದಳು. ಒಂದೊಂದು ಎಳೆ ಎಳೆದಾಗಲೂ ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು. ಮುಗಿದ ಮೇಲೆ ರ‍್ಯಾಕೆಟ್ಟನ್ನು ಅಂಗೈ ಬುಡಕ್ಕೆ ಬಡಿದು, ಕಿವಿಯ ಹತ್ತಿರ ಹಿಡಿದು, “ಐವತ್ತೆಂಟು” ಎಂದು ನಕ್ಕಳು.

ಅವಳು ಹೊರಟ ಮೇಲೆ ಪೈಗಳು ಗಲ್ಲಾದಿಂದಲೇ ಕೂಗಿದರು: “ಯಾರು ಮಾರಾಯಾ ಅದು? ಇನ್‌ಸ್ಪೆಕ್ಟರ್ ಹಾಗೆ ನಿನ್ನ ತಲೆ ಮೇಲೆ ನಿಂತದ್ದು?”

“ಗೊತ್ತಿಲ್ಲ ಪೈಗಳೇ. ಆದ್ರೆ ಆಟ ಗೊತ್ತುಂಟು ಅವ್ರಿಗೆ.”

ಮುಂದಿನ ವಾರ ಬಂದಾಗ ತಿಳಿಯಿತು. ಅವಳ ಗಂಡ ಓಕಾಬೆ ಒಂದು ಜಪಾನಿ ಕಂಪನಿಯ ಎಂಜಿನಿಯರ್. ಸಿತ್ರಾದ ಕಡೆ ಕೆಲಸ, ಬುದಯ್ಯದಲ್ಲಿ ಕಂಪನಿಯ ಬಂಗಲೆ. ಆ ಬಂಗಲೆಗಳ ನಡುವೆ ಟೆನಿಸ್ ಆಡಲು ಒಂದು ಅಂಕಣವಿದೆ, ಎದುರಿಗೆ ನಿಲ್ಲುವವರಿಲ್ಲ. ನಾನು ಮುಂಬಯಿಯಲ್ಲಿ ಮಾರ್ಕರ್ ಆಗಿದ್ದೆ ಎಂದದ್ದೇ ತಡ, “ಶುಕ್ರವಾರ ಬರುತ್ತೀರಾ, ರಘು ಸಾನ್?” ಎಂದಳು. ಹೆಸರಿಗೆ ‘ಸಾನ್’ ಸೇರಿಸುವುದು ಜಪಾನಿನವರ ಮರ್ಯಾದೆ.

ಶುಕ್ರವಾರ ಬೆಳಿಗ್ಗೆ ಅಂಗಡಿಗೆ ರಜೆ. ಸುನಂದಾ ಮತ್ತು ಮಗಳ ಜೊತೆ ಹೋದೆ. ದಾರಿಯ ಎರಡೂ ಕಡೆ ಖರ್ಜೂರದ ತೋಟಗಳು, ಅವುಗಳ ನಡುವೆ ಸೊಪ್ಪಿನ ಮಡಿಗಳು. ಆ ವರ್ಷಗಳಲ್ಲಿ ಆ ಕಡೆಯ ಹಳ್ಳಿಗಳಲ್ಲಿ ಸರಕಾರದ ವಿರುದ್ಧ ಗಲಾಟೆ ಇತ್ತು. ಕೆಲವು ದಿನ ರಸ್ತೆಯಲ್ಲಿ ಟಯರು ಸುಟ್ಟ ಕಪ್ಪು ಕಲೆ ದಾಟಿ ಹೋಗಬೇಕಾಗುತ್ತಿತ್ತು. ಅಂಕಣದ ಮೇಲೆ ಗಾಳಿ ತಂದು ಹಾಕಿದ ಮರಳನ್ನು ಸುಮಿಯೆ ಆಗಲೇ ಗುಡಿಸಿ ಇಟ್ಟಿದ್ದಳು.

ಅವಳ ಆಟ ನೋಡಿ ನಾನು ಬೆರಗಾದೆ. ಹೊಡೆತದಲ್ಲಿ ಬಲವೇನೂ ಇರಲಿಲ್ಲ. ನಮ್ಮ ಕ್ಲಬ್ಬಿನ ದಪ್ಪ ದಪ್ಪ ವಕೀಲರು ಇದಕ್ಕಿಂತ ಜೋರಾಗಿ ಹೊಡೆಯುತ್ತಿದ್ದರು. ಆದರೆ ಪ್ರತಿಯೊಂದು ಚೆಂಡೂ ನನ್ನ ಹಿಂದಿನ ಗೆರೆಯಿಂದ ಒಂದು ಮೊಳ ಒಳಗೆ ಬಂದು ಬೀಳುತ್ತಿತ್ತು. ಎಡಕ್ಕೆ ಒಂದು ಮೊಳ, ಬಲಕ್ಕೆ ಒಂದು ಮೊಳ. ಹಿಂದೆ ಹೋಗಲು ಜಾಗವಿಲ್ಲ, ಮುಂದೆ ಬರಲು ಹೊತ್ತಿಲ್ಲ. ಅರ್ಧ ಗಂಟೆಗೆ ನಾನು ಏದುಸಿರು ಬಿಡುತ್ತ ಬಲೆಯ ಕಂಬ ಹಿಡಿದು ನಿಂತೆ.

“ನನ್ನ ಹತ್ತಿರ ಬಲ ಇಲ್ಲ” ಎಂದಳು ಸುಮಿಯೆ. “ಎತ್ತರ ಇಲ್ಲ. ಓಟವೂ ಸಾಧಾರಣ. ಅಳತೆ ಮಾತ್ರ ಇದೆ.”

ಆಮೇಲೆ ಎಲ್ಲ ಶುಕ್ರವಾರವೂ ಹೋದೆವು. ಕೆಲವೊಮ್ಮೆ ಅವಳು ನಮ್ಮ ಮನೆಗೆ ಬರುತ್ತಿದ್ದಳು. ಸುನಂದಾ ನೀರುದೋಸೆ, ಬಂಗುಡೆ ಸಾರು ಮಾಡಿದರೆ ನೆಲದ ಮೇಲೆ ಮಂಡಿಯೂರಿ ಕುಳಿತು, ಹೊಟ್ಟೆ ತುಂಬ ಉಂಡು, ಮಗಳ ಜೊತೆ ಚೆಂಡು ಹಿಡಿಯುವ ಆಟ ಆಡುತ್ತಿದ್ದಳು. ನಮ್ಮ ಮಾತು ಕೇಳಿ ಕೇಳಿ “ಆಯ್ತಾ?” ಎನ್ನುವುದನ್ನು ಕಲಿತಿದ್ದಳು. ಅಂಗಡಿಗೆ ಬಂದರೂ ಮೊದಲ ಮಾತು ಅದೇ: “ರಘು ಸಾನ್, ಆಯ್ತಾ?”

ತನ್ನ ಕಥೆಯನ್ನು ಅವಳು ನಮ್ಮ ಮನೆಯಲ್ಲೇ ಹೇಳಿದ್ದು, ಅದೂ ಸುನಂದಾ ಕೆದಕಿದ ಮೇಲೆ. ಅವಳ ಊರು ಜಪಾನಿನ ಒಂದು ಸಣ್ಣ ಬಂದರು. ಅಪ್ಪ ಮೀನಿನ ಬಲೆ ಹೆಣೆಯುವವರು. ಅಂಗಳದಲ್ಲಿ ಎರಡು ಬಿದಿರು ನೆಟ್ಟು, ಹರಿದ ಮೀನಿನ ಬಲೆಯನ್ನೇ ಅಡ್ಡ ಕಟ್ಟಿ ಮಗಳಿಗೆ ಟೆನಿಸ್ ಆಡಲು ಬಿಟ್ಟಿದ್ದರು. ಅಂಗಳ ಸಣ್ಣದು, ಆಚೆ ನೆರೆಮನೆಯ ಗಾಜಿನ ಕಿಟಕಿ. ಉದ್ದ ಹೊಡೆದರೆ ಗಾಜು ಒಡೆಯುತ್ತದೆ. ಅಳತೆ ಬಂದದ್ದು ಅಲ್ಲಿಂದ. ಹದಿಮೂರಕ್ಕೆ ಮನೆ ಬಿಟ್ಟು ದೊಡ್ಡ ಊರಿನ ತರಬೇತಿ ಹಾಸ್ಟೆಲ್, ಹದಿನೇಳಕ್ಕೆ ವೃತ್ತಿಪರ ಆಟಗಾರ್ತಿ. ಆಮೇಲೆ ಪೆಟ್ಟಿಗೆ ಹಿಡಿದು ಊರೂರು ಸುತ್ತಾಟ. ಹೆಚ್ಚಿನ ಕಡೆ ಮೊದಲ ಸುತ್ತಿನಲ್ಲೋ ಎರಡನೆಯದರಲ್ಲೋ ಸೋಲು. ಒಂದೇ ಒಂದು ಸಲ, ಅತಿ ದೊಡ್ಡ ಪಂದ್ಯಾವಳಿಯೊಂದರಲ್ಲಿ, ಮೂರನೆಯ ಸುತ್ತಿಗೆ ಬಂದಳು. ಎದುರಿದ್ದವಳು ಹೆಸರಾಂತ ಆಟಗಾರ್ತಿ. ಕೊನೆಯ ಸೆಟ್ಟಿನಲ್ಲಿ ಸುಮಿಯೆ ಐದು-ಮೂರು ಮುಂದಿದ್ದಳು. ಇನ್ನೊಂದು ಗೇಮ್ ಗೆದ್ದರೆ ಪಂದ್ಯ ಅವಳದು. ಆಗ ಮಣಿಕಟ್ಟಿನಲ್ಲಿ ಏನೋ ಹರಿದ ಸದ್ದು ಅವಳಿಗೇ ಕೇಳಿಸಿತಂತೆ.

“ಆಮೇಲೂ ಆಡಿದೆ” ಎಂದಳು. “ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಆಡಿದೆ. ಸೋತೆ.”

ಎರಡು ಶಸ್ತ್ರಚಿಕಿತ್ಸೆ ಆಯಿತು. ವಾಪಸು ಬಂದವಳು ಎಲ್ಲಿಯೂ ಒಂದು ಸುತ್ತನ್ನೂ ಗೆಲ್ಲಲಿಲ್ಲ. ಇಪ್ಪತ್ತಾರಕ್ಕೆ ನಿವೃತ್ತಿ. ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂದಿತ್ತು. ಅಪ್ಪ ಆ ನಾಲ್ಕು ಸಾಲನ್ನೂ ಕತ್ತರಿಸಿ, ಹಿಂದಿನ ಗೆಲುವುಗಳ ಪಕ್ಕದಲ್ಲಿ ಅಂಟಿಸಿಟ್ಟಿದ್ದರಂತೆ.

“ಬಿಟ್ಟ ಮೇಲೆ ಈಗ ಮತ್ತೆ ಎಂತಕ್ಕೆ?” ಎಂದು ಸುನಂದಾ ಕೇಳಿದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ.

ಸುಮಿಯೆ ಮಣಿಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡಳು. “ಬಿಟ್ಟದ್ದು ಕೈ. ನಾನು ಬಿಟ್ಟಿರಲಿಲ್ಲ.” ಮುಂದುವರಿಸಿದಳು: “ಏಪ್ರಿಲಿನಲ್ಲಿ ನಮ್ಮ ದೇಶದಲ್ಲಿ ಒಂದು ಪಂದ್ಯಾವಳಿ ಇದೆ. ಅರ್ಹತಾ ಸುತ್ತು ಆಡಬಹುದು. ಫೆಬ್ರವರಿ ಕೊನೆಯೊಳಗೆ ಫ್ಯಾಕ್ಸ್ ಕಳಿಸಬೇಕು. ಗೆಲ್ಲದಿದ್ದರೂ ಚಿಂತೆಯಿಲ್ಲ. ನೆಟ್ಟಗೆ ನಿಂತು ಒಂದು ಪಂದ್ಯ ಆಡಿ ಬಿಡಬೇಕು.”

ಡಿಸೆಂಬರಿನಲ್ಲಿ ಮಳೆ ಬಂತು. ಅಲ್ಲಿ ಎರಡು ದಿನ ಮಳೆಯಾದರೆ ಸಾಕು, ಮನಾಮಾದ ಗಲ್ಲಿಗಳೆಲ್ಲ ಕೆರೆ. ಅಂಥ ಒಂದು ಮಧ್ಯಾಹ್ನ ಓಕಾಬೆ ಒಬ್ಬರೇ ಅಂಗಡಿಗೆ ಬಂದರು. ಪ್ಯಾಂಟು ಮಂಡಿಯವರೆಗೆ ಒದ್ದೆ. ಪೈಗಳು ಊಟಕ್ಕೆ ಹೋಗಿದ್ದರು.

“ನನ್ನ ಹೆಂಡತಿಯ ಕೈ ಚೆನ್ನಾಗಿಲ್ಲ” ಎಂದರು. “ನಿಮಗೆ ಹೇಳಿರುವುದಿಲ್ಲ. ಆಡಿ ಬಂದ ಮೇಲೆ ಮಂಜುಗಡ್ಡೆಯ ಬಕೆಟ್ಟಿನಲ್ಲಿ ಕೈಯಿಟ್ಟು ಕೂರುತ್ತಾಳೆ. ಇನ್ನೊಮ್ಮೆ ಹರಿದರೆ ಬೆರಳು ಮಡಚಲು ಆಗುವುದಿಲ್ಲ ಎಂದಿದ್ದಾರೆ ನಮ್ಮ ಡಾಕ್ಟರು. ಅನ್ನದ ಬಟ್ಟಲು ಹಿಡಿಯಲೂ ಆಗುವುದಿಲ್ಲ. ದಯವಿಟ್ಟು ಅವಳ ಜೊತೆ ಆಡುವುದನ್ನು ನಿಲ್ಲಿಸಿ.”

“ನಾನು ಹೋಗದಿದ್ದರೆ ಅವರು ಗೋಡೆಗೆ ಹೊಡೆಯುತ್ತಾರೆ ಸರ್” ಎಂದೆ.

ಅದು ಅವರಿಗೂ ಗೊತ್ತಿತ್ತು. ಒದ್ದೆ ಬೂಟಿನಿಂದ ನೀರಿಳಿದು ನೆಲದ ಮೇಲೆ ಹರಡುತ್ತಿತ್ತು.

ಮುಂದಿನದು ನನ್ನ ಬಾಯಿಂದಲೇ ಬಂದದ್ದು. ಅವರು ಕೇಳಿದ್ದಲ್ಲ. ಇದನ್ನು ನಾನು ಎಷ್ಟೋ ವರ್ಷ ಬೇರೆ ರೀತಿಯಲ್ಲಿ ನೆನಪಿಸಿಕೊಳ್ಳಲು ನೋಡಿದ್ದೇನೆ, ಆಗಿಲ್ಲ.

ಗಟ್ ಬಿಗಿಯಾಗಿದ್ದರೆ ಚೆಂಡು ಹೇಳಿದ ಜಾಗಕ್ಕೆ ಹೋಗುತ್ತದೆ, ಆದರೆ ಪೆಟ್ಟಿನ ಅದುರು ಪೂರ್ತಿ ಕೈಗೆ ಬರುತ್ತದೆ. ಸಡಿಲ ಮಾಡಿದರೆ ಕೈಗೆ ಹಿತ. ಚೆಂಡು ಮಾತ್ರ ತುಸು ಜಾಸ್ತಿ ಚಿಮ್ಮುತ್ತದೆ. ಇದನ್ನು ಓಕಾಬೆಗೆ ವಿವರಿಸಿ, “ನಾನು ಬಿಗಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತೇನೆ” ಎಂದೆ.

“ಅವಳಿಗೆ ತಿಳಿಯುವುದಿಲ್ಲವೇ?”

“ಒಂದೊಂದೇ ಪೌಂಡ್ ಇಳಿಸಿದರೆ ತಿಳಿಯಲಿಕ್ಕಿಲ್ಲ.”

ಅವರು ನನ್ನ ಯಂತ್ರವನ್ನೊಮ್ಮೆ ನೋಡಿದರು. ಆಮೇಲೆ ಕ್ರಿಕೆಟ್ ಬ್ಯಾಟುಗಳ ನಡುವೆ, ಆ ಒದ್ದೆ ನೆಲದ ಮೇಲೆ, ಸೊಂಟದವರೆಗೆ ಬಾಗಿ ನಮಸ್ಕರಿಸಿದರು. ಅಷ್ಟು ದೊಡ್ಡ ಕೆಲಸದಲ್ಲಿರುವ ಮನುಷ್ಯ ನನ್ನೆದುರು ತಲೆ ತಗ್ಗಿಸಿದ್ದು ನನಗೆ ಏನೋ ಒಳ್ಳೆಯದು ಮಾಡುತ್ತಿದ್ದೇನೆ ಎಂಬ ಹೆಮ್ಮೆ ತಂದಿತು.

ಮೊದಲ ವಾರ ಐವತ್ತೇಳು. ಹತ್ತು ದಿನ ಕಳೆದು ಐವತ್ತಾರು. ಹೊಸ ವರ್ಷದ ಹೊತ್ತಿಗೆ ಐವತ್ತೈದು. ಜನವರಿ ನಡುವೆ ಐವತ್ತನಾಲ್ಕಕ್ಕೆ ಇಳಿಸಿದ ದಿನ ಸುಮಿಯೆ ರ‍್ಯಾಕೆಟ್ಟನ್ನು ಅಂಗೈಗೆ ಬಡಿದು ಹುಬ್ಬು ಗಂಟಿಕ್ಕಿದಳು. ಇನ್ನೊಮ್ಮೆ ಬಡಿದಳು.

“ರಘು ಸಾನ್, ಸ್ವರ ಬೇರೆ ಇದೆ. ಇದು ಐವತ್ತೆಂಟಾ?”

“ಐವತ್ತೆಂಟೇ. ಇಲ್ಲಿಯ ಗಾಳಿಯಲ್ಲಿ ತೇವ ಜಾಸ್ತಿ ಅಲ್ವಾ? ಗಟ್ ಮೆತ್ತಗಾಗುತ್ತದೆ.”

ಸಮುದ್ರದ ತೇವಕ್ಕೆ ಗಟ್ ಮೆತ್ತಗಾಗುವುದು ನಿಜವೇ. ಹಾಗಾಗಿ ಸುಳ್ಳು ಸಲೀಸಾಗಿ ಬಂತು. ಅವಳು ಎರಡು ವರ್ಷ ಆಟದಿಂದ ದೂರ ಇದ್ದವಳು. ನನ್ನನ್ನು ನಂಬುವುದು ಅವಳಿಗೆ ತನ್ನನ್ನು ನಂಬುವುದಕ್ಕಿಂತ ಸುಲಭವಾಗಿತ್ತೇನೋ. ಕಿವಿ ಮುಟ್ಟಿಕೊಂಡು ನಕ್ಕಳು: “ಹಾಗಾದರೆ ನನ್ನ ಕಿವಿಗೂ ವಯಸ್ಸಾಯಿತು.”

ನೋವು ಕಡಿಮೆಯಾಗುತ್ತಿತ್ತು. ಮುಷ್ಟಿ ಕಟ್ಟಿ ಬಿಚ್ಚಿ ತೋರಿಸುತ್ತಿದ್ದಳು, “ನೋಡಿ, ವಾಸಿಯಾಗುತ್ತಿದೆ” ಎಂದು. ಅವಳ ಮುಖದ ಆ ಸಂತೋಷ ನೋಡಿ ನಾನೂ ಸಂತೋಷಪಟ್ಟೆ. ಆದರೆ ಶುಕ್ರವಾರಗಳಲ್ಲಿ ಚೆಂಡು ಗೆರೆ ದಾಟಲು ತೊಡಗಿತ್ತು. ಮೊದಲು ನಾಲ್ಕು ಬೆರಳು, ಆಮೇಲೆ ಒಂದು ಗೇಣು. ಗೆರೆಯ ಹತ್ತಿರ ನಿಂತವನು ನಾನು. ಆ ಬದಿಯಿಂದ ಅವಳಿಗೆ ಕಾಣುವುದಿಲ್ಲ. “ಒಳಗಾ?” ಎಂದು ಕೂಗಿ ಕೇಳುತ್ತಿದ್ದಳು. “ಒಳಗೆ, ಒಳಗೆ” ಎನ್ನುತ್ತಿದ್ದೆ. ಅಷ್ಟು ವರ್ಷ ಮಾಡಿದ ಕೆಲಸ, ನಾಲಿಗೆ ತಡವರಿಸಲಿಲ್ಲ.

ಫೆಬ್ರವರಿಯಲ್ಲಿ ಬಿಗಿ ಐವತ್ತೆರಡಕ್ಕೆ ಬಂದಿತ್ತು. ಆರು ಪೌಂಡ್ ಕಡಿಮೆ. ಫ್ಯಾಕ್ಸ್ ಕಳಿಸುವ ಮೊದಲು ಸುಮಿಯೆ ತನ್ನನ್ನು ತಾನೇ ಒಮ್ಮೆ ಪರೀಕ್ಷೆ ಮಾಡಿಕೊಳ್ಳಬೇಕೆಂದಿದ್ದಳು. ಅಲ್ಲಿಯ ಕ್ಲಬ್ಬೊಂದರ ಸದಸ್ಯರ ಮಗಳು, ಹತ್ತೊಂಬತ್ತರ ಇಂಗ್ಲಿಷ್ ಹುಡುಗಿ, ತನ್ನ ದೇಶದಲ್ಲಿ ಪಂದ್ಯಗಳನ್ನು ಆಡುತ್ತಿದ್ದವಳು ರಜೆಗೆ ಬಂದಿದ್ದಳು. ಒಂದು ಶುಕ್ರವಾರ ಮಧ್ಯಾಹ್ನದ ಮೇಲೆ ಇಬ್ಬರಿಗೂ ಪಂದ್ಯ ಗೊತ್ತಾಯಿತು. ಕುರ್ಚಿಯಲ್ಲಿ ಅಂಪೈರ್ ಇದ್ದರು, ಗೆರೆ ನೋಡಲು ಇಬ್ಬರು ಸದಸ್ಯರಿದ್ದರು. ನಾನು, ಸುನಂದಾ, ಓಕಾಬೆ ಒಂದೇ ಬೆಂಚಿನಲ್ಲಿ ಕುಳಿತಿದ್ದೆವು.

ಮೊದಲ ಚೆಂಡು ಹೊರಗೆ. ಎರಡನೆಯದೂ ಹೊರಗೆ. ಆ ಹುಡುಗಿ ವಿಶೇಷವಾಗಿ ಆಡಬೇಕಾದ್ದೇ ಇರಲಿಲ್ಲ. ಸುಮಿಯೆ ಕಾಲು ಸರಿಯಾದ ಜಾಗದಲ್ಲಿ ಇಡುತ್ತಿದ್ದಳು, ಭುಜ ಸರಿಯಾಗಿ ತಿರುಗುತ್ತಿತ್ತು, ಇಪ್ಪತ್ತು ವರ್ಷ ಹೊಡೆದ ಹಾಗೆಯೇ ಹೊಡೆಯುತ್ತಿದ್ದಳು. ಚೆಂಡು ಗೆರೆಯಿಂದ ಒಂದು ಗೇಣು, ಒಂದೂವರೆ ಗೇಣು ಆಚೆ ಬೀಳುತ್ತಿತ್ತು. “ಔಟ್” ಎಂದು ಕೂಗಿದಾಗಲೆಲ್ಲ ಆ ಜಾಗವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಎರಡನೆಯ ಸೆಟ್ಟಿನಲ್ಲಿ ಹೆದರಿ ಮೋಟಾಗಿ ಹೊಡೆಯಲು ಹೋದಳು. ಅದು ಬಲೆಗೆ ಬಿತ್ತು. ಒಮ್ಮೆಯೂ ರ‍್ಯಾಕೆಟ್ಟಿನ ಕಡೆ ಅನುಮಾನದಿಂದ ನೋಡಲಿಲ್ಲ. ಎರಡು ಸಲ ಕಣ್ಣುಜ್ಜಿಕೊಂಡಳು.

ಆರು-ಒಂದು, ಆರು-ಎರಡು.

ಆಮೇಲೆ ಬೆಂಚಿನ ಮೇಲೆ ಟವೆಲ್ ಹೊದ್ದು ಕುಳಿತವಳ ಹತ್ತಿರ ನಾನು ನೀರು ತೆಗೆದುಕೊಂಡು ಹೋದೆ. “ಅಳತೆ ಹೋಯಿತು, ರಘು ಸಾನ್” ಎಂದಳು. ಅಳುತ್ತಿರಲಿಲ್ಲ. “ಕೈ ಹೋದಾಗ ಕಾಯಬಹುದು ಅಂದುಕೊಂಡಿದ್ದೆ. ಇದು ಹೋದರೆ ಕಾಯುವುದು ಯಾತಕ್ಕೆ?”

ಒಂದೇ ವಾಕ್ಯ ಸಾಕಿತ್ತು. ಫ್ಯಾಕ್ಸ್ ಕಳಿಸಲು ಇನ್ನೂ ಒಂಬತ್ತು ದಿನ ಉಳಿದಿತ್ತು. ಹೇಳಿದರೆ ಅವಳು ಜಪಾನಿಗೆ ಹೋಗುತ್ತಾಳೆ, ಕೈ ಹರಿಯುತ್ತದೆ, ಅನ್ನದ ಬಟ್ಟಲು ಹಿಡಿಯಲಾಗದವಳನ್ನು ಮಾಡಿದ ಪಾಪ ನನಗೆ ಬರುತ್ತದೆ ಎಂದು ಲೆಕ್ಕ ಹಾಕಿದೆ. ಅದು ನಿಜವೇ. ಅವಳು ನನ್ನನ್ನು ಹೇಗೆ ನೋಡಿಯಾಳು ಎಂಬ ಭಯವೂ ಅಷ್ಟೇ ನಿಜ. ನೀರಿನ ಲೋಟ ಕೊಟ್ಟು ಬಂದೆ. ಕಾರು ನಿಲ್ಲಿಸಿದ ಜಾಗದಲ್ಲಿ ಓಕಾಬೆ ನನ್ನ ಕೈ ಹಿಡಿದು, ತಗ್ಗಿದ ದನಿಯಲ್ಲಿ ಥ್ಯಾಂಕ್ಸ್ ಹೇಳಿದರು.

ಮಾರ್ಚ್ ಬಂತು, ಏಪ್ರಿಲ್ ಬಂತು. ಧೂಳಿನ ಗಾಳಿ ಬೀಸಿ ಬೀಸಿ ಬಿಸಿಲು ಏರಿತು. ಸುಮಿಯೆ ಬಂಗಲೆಗಳ ಮಕ್ಕಳಿಗೆ ಎರಡು ರ‍್ಯಾಕೆಟ್ ಕೊಟ್ಟುಬಿಟ್ಟಳು. ಸುನಂದಾಳಿಂದ ನೀರುದೋಸೆ ಕಲಿತಳು. ಅಂಗಡಿಗೆ ಬರಲಿಲ್ಲ. ನೋಡಿದವರಿಗೆ ಅವಳು ಸಮಾಧಾನದಲ್ಲಿರುವ ಹಾಗೆಯೇ ಕಾಣುತ್ತಿತ್ತು, ನಾನೂ ಹಾಗೆಂದುಕೊಂಡು ದಿನ ತಳ್ಳುತ್ತಿದ್ದೆ.

ಒಂದು ಸಂಜೆ ಡ್ಯೂಟಿ ಮುಗಿಸಿ ಬಂದ ಸುನಂದಾ ಬುರ್ಖಾದಷ್ಟೇ ಉದ್ದದ ತನ್ನ ಬಿಳಿ ಕೋಟನ್ನು ಮಡಚುತ್ತ ಹೇಳಿದಳು: “ಸುಮಿಯೆ ನಮ್ಮಲ್ಲಿ ಕಣ್ಣಿನ ಡಾಕ್ಟರ ಹತ್ರ ಬಂದಿದ್ರು. ಇದು ಮೂರನೇ ಸಲ. ಕಣ್ಣು ಸರಿ ಉಂಟು, ಏನೂ ತೊಂದ್ರೆ ಇಲ್ಲ ಅಂತ ಡಾಕ್ಟರು ಹೇಳಿದ್ರೂ ನಂಬುದಿಲ್ಲ. ದೂರ ಅಳೆಯುವ ಪರೀಕ್ಷೆ ಬೇರೆ ಉಂಟಾ ಅಂತ ಕೇಳ್ತಿದ್ರು. ಪಾಪ, ಕಾರು ಓಡಿಸುದೂ ಬಿಟ್ಟಿದ್ದಾರೆ ಗೊತ್ತುಂಟಾ? ಹೆದರಿಕೆ ಆಗ್ತದಂತೆ.”

ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಎಲ್ಲವನ್ನೂ ಅವಳಿಗೆ ಹೇಳಿದೆ. ಓಕಾಬೆ ಬಂದದ್ದು, ಪೌಂಡ್ ಇಳಿಸಿದ್ದು, ಶುಕ್ರವಾರಗಳಲ್ಲಿ ಹೊರಗಿನದ್ದನ್ನು ಒಳಗೆ ಎಂದದ್ದು. ಸುನಂದಾ ಮಡಚುತ್ತಿದ್ದ ಕೋಟನ್ನು ಹಾಗೇ ಹಿಡಿದುಕೊಂಡು ಕೇಳಿದಳು.

“ಅವ್ರ ಕೈ ಉಳಿಸ್ಲಿಕ್ಕೆ ಮಾಡಿದ್ದು ಸುನಂದಾ.”

“ಇರ್ಬಹುದು. ನಾವು ಆಸ್ಪತ್ರೆಯಲ್ಲಿ ಎಷ್ಟು ಒಳ್ಳೇ ಮದ್ದಾದ್ರೂ ರೋಗಿಗೆ ಹೇಳದೆ ಕೊಡುದಿಲ್ಲ” ಎಂದಳು. “ಕೈ ಅವ್ರದ್ದಲ್ವಾ? ನಿಮ್ಮದಾ?”

“ಈಗ ಹೇಳಿ ಎಂತ ಪ್ರಯೋಜನ? ಪಂದ್ಯ ಮುಗಿದುಹೋಯ್ತು.”

“ಅವ್ರು ಕುರುಡಿ ಆಗ್ತಿದ್ದೇನೆ ಅಂತ ಹೆದರಿ ಕೂತಿದ್ದಾರೆ. ನೀವು ಪ್ರಯೋಜನ ನೋಡ್ತಾ ಇದ್ದೀರಾ?”

ಆದರೂ ನಾನು ಕೂಡಲೇ ಹೋಗಲಿಲ್ಲ. ಇವತ್ತು ನಾಳೆ ಎಂದು ಮೂರು ವಾರ ಕಳೆದೆ. ಅಷ್ಟರಲ್ಲಿ ಓಕಾಬೆಗೆ ವಾಪಸು ಊರಿಗೆ ವರ್ಗವಾಯಿತು. ಮೇ ತಿಂಗಳ ಒಂದು ಗುರುವಾರ ಸುಮಿಯೆ ತಾನಾಗಿ ಅಂಗಡಿಗೆ ಬಂದಳು, ಉಳಿದ ಎರಡು ರ‍್ಯಾಕೆಟ್ ಹಿಡಿದು.

“ಇವು ನಿಮಗೆ” ಎಂದಳು. “ಗಟ್ ಕತ್ತರಿಸಿ ತಂದಿದ್ದೇನೆ. ನಿಮ್ಮ ಮಗಳು ದೊಡ್ಡವಳಾದಾಗ ಹಾಕಿಕೊಡಿ.”

ಗಲ್ಲಾದಲ್ಲಿ ಪೈಗಳಿದ್ದರು. ನಾನು ಅದನ್ನೂ ನೋಡದೆ ಹೇಳಿದೆ. ಮುಂಚೆ ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದ ವಾಕ್ಯಗಳೆಲ್ಲ ಮರೆತುಹೋಗಿದ್ದವು. “ಸುಮಿಯೆ ಸಾನ್, ನಿಮ್ಮ ಕಣ್ಣು ಸರಿ ಇದೆ. ನಾನು ಗಟ್ ಸಡಿಲ ಹಾಕಿದ್ದೆ. ನಿಮಗೆ ಹೇಳದೆ” ಎಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ.

“ಎಷ್ಟು?” ಎಂದಳು.

“ಆರು ಪೌಂಡ್.”

“ಯಾವಾಗಿನಿಂದ?”

“ಡಿಸೆಂಬರಿನಿಂದ. ಸ್ವಲ್ಪ ಸ್ವಲ್ಪವಾಗಿ.”

ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಓಕಾಬೆಯ ಹೆಸರು ಹೇಳುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಅವಳು ಯೋಚಿಸಿ ತಿಳಿದುಕೊಂಡದ್ದು ಮುಖದಲ್ಲೇ ಕಂಡಿತು. ಆಮೇಲೆ ಒಂದು ರ‍್ಯಾಕೆಟ್ಟನ್ನು ನನ್ನ ಕಡೆ ತಳ್ಳಿದಳು.

“ಹಾಕಿ. ಐವತ್ತೆಂಟು.”

ಯಂತ್ರಕ್ಕೆ ರ‍್ಯಾಕೆಟ್ ಕಟ್ಟಿ, ಬಿಗಿಯ ಮುಳ್ಳನ್ನು ಐವತ್ತೆಂಟಕ್ಕೆ ತಿರುಗಿಸಿದೆ. “ನೋಡಿ” ಎಂದೆ. ಅವಳು ಬಗ್ಗಿ ನೋಡಿದಳು. ಪ್ರತಿ ಎಳೆಗೂ ಬಗ್ಗಿ ನೋಡಿದಳು. ಆ ಮುಕ್ಕಾಲು ಗಂಟೆಯಲ್ಲಿ ಪೈಗಳು ಬಂದ ಗಿರಾಕಿಗಳನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದರು. ಮುಗಿದಾಗ ಅವರೇ, “ಹೋಗು ರಘು, ಅಂಗಡಿ ನಾನು ನೋಡ್ಕೊಳ್ತೇನೆ” ಎಂದರು.

ಟ್ಯಾಕ್ಸಿಯಲ್ಲಿ ಬುದಯ್ಯಕ್ಕೆ ಹೋದೆವು. ಮೇ ತಿಂಗಳ ಮೂರು ಗಂಟೆಯ ಬಿಸಿಲು, ಅಂಕಣದ ಮೇಲೆ ಬೂಟಿನೊಳಗೂ ಕಾಲು ಸುಡುತ್ತಿತ್ತು. ತಿಂಗಳುಗಟ್ಟಲೆ ಯಾರೂ ಗುಡಿಸದೆ ಮೂಲೆಗಳಲ್ಲಿ ಮರಳು ಗುಡ್ಡೆಯಾಗಿತ್ತು. ಚೆಂಡಿನ ಹೊಸ ಡಬ್ಬಿಯೊಂದನ್ನು ಅವಳೇ ಒಡೆದಳು; ಉಸ್ಸೆಂದು ಅದೇ ರಬ್ಬರಿನ ವಾಸನೆ. ಹಳೆಯ ಚೆಂಡುಗಳ ಬುಟ್ಟಿಯನ್ನೂ ತಂದೆ. ಬಲೆಯ ಈಚೆ ನಿಂತು ಒಂದೊಂದಾಗಿ ಎಸೆದೆ.

ಮೊದಲನೆಯದು ಗೆರೆಯಿಂದ ಒಂದು ಮೊಳ ಒಳಗೆ ಬಿತ್ತು.

ನಾನು ಏನೂ ಕೂಗಲಿಲ್ಲ. ಅವಳೂ ಕೇಳಲಿಲ್ಲ. ಅವಳೇ ಬಲೆಯನ್ನು ಬಳಸಿ ಈಚೆ ಬಂದು, ಮರಳಿನ ಮೇಲೆ ಮೂಡಿದ್ದ ಗುರುತನ್ನು ನೋಡಿ ಹಿಂದೆ ಹೋದಳು. ಎರಡನೆಯದು ಒಂದು ಮೊಳ. ಮೂರನೆಯದು ಬಲ ಮೂಲೆಗೆ, ಅಲ್ಲಿಯೂ ಒಂದು ಮೊಳ. ಆಮೇಲೆ ನೋಡಲು ಬರುವುದನ್ನು ಬಿಟ್ಟಳು. ಒಂದೊಂದು ಹೊಡೆತಕ್ಕೂ ಗಂಟಲಿನಿಂದ ಸಣ್ಣ ಸದ್ದು ಬರುತ್ತಿತ್ತು. ನೋವಿನದ್ದೋ, ಅಳುವಿನದ್ದೋ ಆ ದೂರದಿಂದ ತಿಳಿಯುತ್ತಿರಲಿಲ್ಲ. ಸಾಕು ಎಂದೆ. “ಹಾಕಿ” ಎಂದಳು. ಬುಟ್ಟಿಯ ತಳ ಕಾಣುವ ಹೊತ್ತಿಗೆ ರ‍್ಯಾಕೆಟ್ ಅವಳ ಕೈಯಿಂದ ಜಾರಿ ಬಿತ್ತು. ಬೆರಳುಗಳು ಅರ್ಧ ಮಡಚಿದ ಹಾಗೆಯೇ ನಿಂತುಬಿಟ್ಟಿದ್ದವು. ಆ ಸುಡುವ ನೆಲದ ಮೇಲೆಯೇ ಅವಳು ಕುಳಿತಳು.

ನಾನು ಹತ್ತಿರ ಹೋಗಿ ಕುಳಿತೆ. ಅವಳ ಮುಖ ಬೆವರು, ಮರಳು, ಕಣ್ಣೀರು ಸೇರಿ ಗುರುತು ಸಿಗದ ಹಾಗಾಗಿತ್ತು. ಅದರ ನಡುವೆ ಅವಳು ನಗುತ್ತಿದ್ದಳು.

“ಇದೆ” ಎಂದಳು. “ಅಳತೆ ಇದೆ.”

“ಇದೆ ಸುಮಿಯೆ ಸಾನ್. ಯಾವಾಗಲೂ ಇತ್ತು.”

ನಗು ನಿಧಾನವಾಗಿ ಇಳಿಯಿತು. ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಕೇಳಿದಳು: “ನಾನು ಏಪ್ರಿಲಿನಲ್ಲಿ ಹೋಗಿದ್ದರೆ ಈ ಕೈ ಒಂದು ಪಂದ್ಯ ತಡೆಯುತ್ತಿತ್ತೇ?”

ಮುಂಬಯಿಯ ಕ್ಲಬ್ಬಿನಲ್ಲಾಗಿದ್ದರೆ ಇದಕ್ಕೆ ನನ್ನ ಹತ್ತಿರ ಉತ್ತರವಿರುತ್ತಿತ್ತು.

“ನನಗೆ ಗೊತ್ತಿಲ್ಲ” ಎಂದೆ.

“ನನಗೂ ಗೊತ್ತಿಲ್ಲ” ಎಂದಳು ಸುಮಿಯೆ. “ಗೊತ್ತುಮಾಡಿಕೊಳ್ಳುವುದಕ್ಕೇ ಹೊರಟಿದ್ದೆ.”

ಅಷ್ಟರಲ್ಲಿ ಓಕಾಬೆಯ ಕಾರು ಬಂತು. ಗುರುವಾರ, ಅವರಿಗೆ ಬೇಗ ಕೆಲಸ ಮುಗಿಯುವ ದಿನ. ಬೇಲಿಯ ಆಚೆಯಿಂದಲೇ ಅವರು ನೆಲದ ಮೇಲೆ ಬಿದ್ದ ರ‍್ಯಾಕೆಟ್ಟನ್ನೂ, ನಮ್ಮಿಬ್ಬರನ್ನೂ ನೋಡಿದರು. ಒಳಗೆ ಬರಲಿಲ್ಲ. ಸುಮಿಯೆ ಎದ್ದು ಅವರ ಹತ್ತಿರ ಹೋಗಿ ತಮ್ಮ ಭಾಷೆಯಲ್ಲಿ ಏನೋ ಒಂದೇ ಮಾತು ಹೇಳಿದಳು, ಜೋರಾಗಿ ಅಲ್ಲ. ಅವರು ತಲೆ ತಗ್ಗಿಸಿ ನಿಂತೇ ಇದ್ದರು. ಅವಳು ಬೈದಿದ್ದರೆ ಅವರಿಗೂ ನನಗೂ ಒಳ್ಳೆಯದಿತ್ತು.

ಮುಂದಿನ ವಾರ ಅವರು ಹೊರಟರು. ಸುನಂದಾ ವಿಮಾನ ನಿಲ್ದಾಣಕ್ಕೆ ಹೋಗಿ ಬಂದಳು. ನಾನು ಅಂಗಡಿಯಲ್ಲಿ ಕೆಲಸವಿದೆ ಎಂದೆ. ಸುಮಿಯೆಯ ಬಲಗೈಗೆ ಬೆರಳಿನ ತುದಿಯವರೆಗೆ ಪಟ್ಟಿ ಕಟ್ಟಿತ್ತಂತೆ. ನಮ್ಮ ಮಗಳನ್ನು ಎಡಗೈಯಲ್ಲೇ ಎತ್ತಿಕೊಂಡಿದ್ದಳಂತೆ. ನನ್ನನ್ನು ಕೇಳಿದಳಾ ಎಂದು ವಿಚಾರಿಸಿದೆ. “ಇಲ್ಲ” ಎಂದಳು ಸುನಂದಾ. ನನ್ನ ಹೆಂಡತಿ ಸುಳ್ಳು ಹೇಳುವವಳಲ್ಲ. ಸುಮಿಯೆ ಒಂದು ಚೀಟಿಯಲ್ಲಿ ಊರಿನ ವಿಳಾಸವನ್ನು ಎಡಗೈಯಿಂದ, ಮಕ್ಕಳ ಹಾಗೆ ಸೊಟ್ಟ ಅಕ್ಷರದಲ್ಲಿ ಬರೆದುಕೊಟ್ಟಿದ್ದಳು.

ಇಪ್ಪತ್ತೇಳು ವರ್ಷವಾಯಿತು. ವಿಳಾಸ ಸುನಂದಾಳ ಡೈರಿಯಲ್ಲಿ ಈಗಲೂ ಇದೆ. ನಾನು ಬರೆದಿಲ್ಲ.